ತಾಜ್ ಹೋಟೆಲ್‌ನ ದೆವ್ವ ಮರೆಸಿದ ಹೆಸರು

ಹಳೇ ಕಟ್ಟಡ, ಹೊಸ ಪ್ರಶ್ನೆ | ಭಾಗ 6 👻

ಮುಂಬೈಗೆ ಹೋದೋರು ಈ ಕಥೆ ಕೇಳಿರ್ತೀರ. ಗೇಟ್‌ವೇ ಆಫ್ ಇಂಡಿಯಾ ಪಕ್ಕದ ತಾಜ್ ಮಹಲ್ ಹೋಟೆಲ್ ಇದೆಯಲ್ಲ, ಅಲ್ಲಿ ಒಬ್ಬ ಇಂಗ್ಲಿಷ್ ಆರ್ಕಿಟೆಕ್ಟ್‌ನ ದೆವ್ವ ಓಡಾಡುತ್ತಂತೆ. ಹೆಸರು ಡಬ್ಲ್ಯೂ. ಎ. ಚೇಂಬರ್ಸ್. ನಕ್ಷೆ ಬರೆದುಕೊಟ್ಟು ಇಂಗ್ಲೆಂಡಿಗೆ ಹೋದನಂತೆ. ವಾಪಸ್ ಬಂದು ನೋಡಿದ್ರೆ, ಕೆಲಸದವರು ಹೋಟೆಲನ್ನ ಹಿಂದುಮುಂದಾಗಿ ಕಟ್ಟಿಬಿಟ್ಟಿದ್ರಂತೆ! ಅವಮಾನ ತಡೆಯಲಾರದೆ ಐದನೇ ಮಹಡಿಯಿಂದ ಹಾರಿದನಂತೆ.

ಎಷ್ಟು ‘ಅಂತೆ’ ಬಂತು ನೋಡಿ. ಈಗ ಅಂತೆ-ಕಂತೆ ಪಕ್ಕಕ್ಕಿಡೋಣ.

📌 ಜಮ್ಸೆಟ್‌ಜಿ ಟಾಟಾ ಕಟ್ಟಿಸಿದ ಈ ಹೋಟೆಲ್ ಶುರುವಾಗಿದ್ದು 1903ರ ಡಿಸೆಂಬರ್ 16ರಂದು. ಮೂಲ ವಿನ್ಯಾಸ ಚೇಂಬರ್ಸ್‌ದಲ್ಲ. ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಅವರದು. ವಿಕ್ಟೋರಿಯಾ ಟರ್ಮಿನಸ್ ಕಟ್ಟುವಾಗ ಸಹಾಯಕ ಎಂಜಿನಿಯರ್ ಆಗಿದ್ದವರೂ ಇದೇ ವೈದ್ಯ. ಹೋಟೆಲ್ ಮುಗಿಯೋ ಮೊದಲೇ ಅವರು ತೀರಿಕೊಂಡರು. ಉಳಿದ ಕೆಲಸ ಮುಗಿಸಿಕೊಟ್ಟವರು ಚೇಂಬರ್ಸ್. ಅರ್ಧದಲ್ಲಿ ಬಂದು, ಕಣ್ಣೆದುರೇ ಕಟ್ಟಿಸಿದ ಮನುಷ್ಯ ಕೊನೆಗೆ ನೋಡಿ ಬೆಚ್ಚಿಬಿದ್ದ ಅಂದ್ರೆ ಹೇಗೆ ನಂಬೋದು?

📌 ಹಾಗಾದ್ರೆ ‘ಹಿಂದುಮುಂದು’? ಆಗ ಮುಖ್ಯ ಬಾಗಿಲು ಇದ್ದದ್ದು ಊರಿನ ಕಡೆ, ಈಗ ಈಜುಕೊಳ ಇರೋ ಜಾಗದಲ್ಲಿ. ಗಾಡಿಗಳು ಬರೋದು ಆ ಕಡೆಯಿಂದಲೇ. ಬಾಗಿಲು ಸಮುದ್ರದ ಕಡೆಗೆ ಬಂದಿದ್ದು ಆಮೇಲೆ. ಇವತ್ತು ನಾವು ಗೇಟ್‌ವೇ ಕಡೆ ನಿಂತು ಫೋಟೋ ತೆಗೀತೀವಿ, ಅದಕ್ಕೇ ಅದು ‘ಮುಂಭಾಗ’ ಅನ್ಸುತ್ತೆ. ಆದ್ರೆ ಗೇಟ್‌ವೇ ಪೂರ್ತಿಯಾಗಿದ್ದೇ 1924ರಲ್ಲಿ, ಹೋಟೆಲ್ ಶುರುವಾಗಿ 21 ವರ್ಷ ಆದ್ಮೇಲೆ!

📌 ಇನ್ನೊಂದು ಮಜಾ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1901ರಲ್ಲಿ ತೆರೆದ ಕೆಲ್ವಿನ್‌ಗ್ರೋವ್ ಮ್ಯೂಸಿಯಂ ಬಗ್ಗೆಯೂ ಇದೇ ಕಥೆ ಇದೆ. ಅಲ್ಲೂ ಕಟ್ಟಡ ಹಿಂದುಮುಂದು, ಅಲ್ಲೂ ಆರ್ಕಿಟೆಕ್ಟ್ ಗೋಪುರದಿಂದ ಹಾರಿದ. ಅದೂ ಸುಳ್ಳೇ. ಕಥೆ ಒಂದೇ, ಊರು ಬೇರೆ.

ದೆವ್ವದ ಕಥೆ ತಾನೇ, ಹೇಳಿದ್ರೆ ಏನಾಯ್ತು ಅಂತೀರಾ? ಕಥೆಯ ಒಳಗಡೆ ಏನಿದೆ ನೋಡಿ: ಜಾಣ ನಕ್ಷೆ ಇಂಗ್ಲಿಷಿನವನದು, ಅದನ್ನ ಕೆಡಿಸಿದ್ದು ನಮ್ಮ ಕೆಲಸದವರು. ನಿಜ ಬೇರೇನೇ. ನಕ್ಷೆ ಬರೆದವರು ನಮ್ಮವರು, ಕಟ್ಟಿದವರು ಸರಿಯಾಗೇ ಕಟ್ಟಿದ್ರು. ಇಲ್ಲದ ದೆವ್ವಕ್ಕೆ ಹೆಸರು ಸಿಕ್ತು, ಇದ್ದ ಮನುಷ್ಯನ ಹೆಸರು ಕಳೆದುಹೋಯ್ತು. ತಾಜ್ ಮುಂದೆ ಸೆಲ್ಫಿ ತೆಗೆದುಕೊಳ್ಳೋ ಎಷ್ಟು ಜನಕ್ಕೆ ವೈದ್ಯ ಅನ್ನೋ ಹೆಸರು ಗೊತ್ತು ಹೇಳಿ?

ನಿಮ್ಮೂರಲ್ಲೂ ಒಂದು ‘ದೆವ್ವದ ಬಂಗಲೆ’ ಇದ್ದೇ ಇರುತ್ತೆ. ಮುಂದಿನ ಸಲ ಯಾರಾದ್ರೂ ಅದರ ಕಥೆ ಶುರು ಮಾಡಿದ್ರೆ ಪೂರ್ತಿ ಕೇಳಿ, ಹೆದರಿ, ಮಜಾ ಮಾಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇದನ್ನ ಕಟ್ಟಿದ್ದು ಯಾರು?

ಉತ್ತರ ಸಿಕ್ಕಿದ್ರೆ ಕಾಮೆಂಟಲ್ಲಿ ಹಾಕಿ 👇

#ಹಳೇಕಟ್ಟಡಹೊಸಪ್ರಶ್ನೆ #ಕನ್ನಡದಲ್ಲಿಇತಿಹಾಸ #ಮುಂಬೈ