ಹಿರಿಯರು ಬಿದ್ದು ಮೂಳೆ ಮುರಿಯದಂತೆ ತಡೆಯಲು ಗುಂಪು ವ್ಯಾಯಾಮ: ಯಾರಿಗೆ, ಏನು, ಹೇಗೆ? ಇಲ್ಲಿದೆ ಮಾಹಿತಿ

‘ಬಚ್ಚಲಲ್ಲಿ ಜಾರಿ ಬಿದ್ರು, ಸೊಂಟದ ಮೂಳೆ ಮುರೀತು’ ಎಂಬ ಮಾತು ಕೇಳದ ಊರಿಲ್ಲ. ಆಪರೇಷನ್ ಮುಗಿಸಿ ಮನೆಗೆ ಬಂದರೂ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ಆದರೆ ವಯಸ್ಸಾದ ಮೇಲೆ ಬೀಳೋದು ಹಣೆಬರಹವಲ್ಲ. ಕಾಲಿನ ಬಲ ಮತ್ತು ದೇಹದ ಸಮತೋಲನ ಹೆಚ್ಚಿಸುವ ವ್ಯಾಯಾಮದಿಂದ ಬೀಳುವುದನ್ನು ಕಡಿಮೆ ಮಾಡಬಹುದು. ಇದನ್ನು ಊರಲ್ಲೇ ಗುಂಪಾಗಿ ಮಾಡಬಹುದು.

ಯಾರಿಗೆ ಅಪಾಯ ಹೆಚ್ಚು?

ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಮಹಿಳೆಯರ ಮೂಳೆ ಬೇಗ ಸವೆಯುತ್ತದೆ. ಹಿಂದೆ ಸಣ್ಣ ಪೆಟ್ಟಿಗೇ ಮೂಳೆ ಮುರಿದವರು, ವರ್ಷದಲ್ಲಿ ಒಂದೆರಡು ಸಲ ಬಿದ್ದವರು, ಬೆನ್ನು ಬಾಗಿ ಎತ್ತರ ಕಡಿಮೆಯಾದವರು, ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರು, ಬೀಡಿ-ಸಿಗರೇಟು ಸೇದುವವರು ಎಚ್ಚರ ವಹಿಸಬೇಕು. ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ.

ಪ್ರಯೋಜನ ಇದೆಯಾ?

ಇದೆ. ನ್ಯೂಜಿಲೆಂಡ್‌ನ ಒಟಾಗೋ ವಿಶ್ವವಿದ್ಯಾಲಯದ ತಂಡ ರೂಪಿಸಿದ ವ್ಯಾಯಾಮ ಕ್ರಮವನ್ನು ಮೊದಲು 80 ದಾಟಿದ ಮಹಿಳೆಯರಲ್ಲಿ ಪರೀಕ್ಷಿಸಲಾಯಿತು. ಅದರ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಮುಂದೆ ಇಂಥ 4 ಅಧ್ಯಯನಗಳ 1,016 ಜನರ ಲೆಕ್ಕ ಒಟ್ಟುಗೂಡಿಸಿದಾಗ ಬೀಳುವ ಪ್ರಮಾಣ ಶೇ 35ರಷ್ಟು ಇಳಿದಿತ್ತು. ಮನೆಯಲ್ಲಿ ಮಾಡಲೆಂದು ಶುರುವಾದ ಈ ಕ್ರಮವನ್ನು ಈಗ ಹಲವೆಡೆ ಗುಂಪಿನಲ್ಲೂ ಮಾಡಿಸುತ್ತಾರೆ. 108 ಅಧ್ಯಯನಗಳನ್ನು ಪರಿಶೀಲಿಸಿದ 2019ರ ಕಾಕ್ರೇನ್ ವರದಿ ಕೂಡ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು ಶೇ 23ರಷ್ಟು ತಗ್ಗುತ್ತದೆ ಎಂದಿದೆ.

ವಾಕಿಂಗ್ ಸಾಲದಾ?

‘ದಿನಾ ವಾಕಿಂಗ್ ಹೋಗ್ತೀನಿ, ಮನೆ ಕೆಲಸಾನೂ ಮಾಡ್ತೀನಿ, ಮತ್ತೆ ಇದ್ಯಾಕೆ?’ ಎಂದು ಅನೇಕರು ಕೇಳುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು. ಆದರೆ ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ತೊಡೆಯ ಬಲ ಮತ್ತು ಸಮತೋಲನ ಬರೀ ನಡಿಗೆಯಿಂದ ಬರುವುದಿಲ್ಲ. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಇವೆರಡಕ್ಕೂ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ.

ಗುಂಪಿನಲ್ಲಿ ಏನೇನು ಮಾಡಿಸುತ್ತಾರೆ?

* ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಆಗದವರು ಮೊದಮೊದಲು ಕೈ ಊರಬಹುದು.
* ಕುರ್ಚಿಯ ಬೆನ್ನು ಹಿಡಿದು ಅರ್ಧ ಬಸ್ಕಿ, ಹಿಮ್ಮಡಿ ಎತ್ತಿ ಇಳಿಸುವುದು.
* ಆಸರೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು.
* ಜಾಗ ಅಳೆಯುವಾಗ ಅಡಿ ಇಡುವಂತೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು.
* ಪಕ್ಕಕ್ಕೆ ಮತ್ತು ಹಿಂದಕ್ಕೆ ಹೆಜ್ಜೆ ಹಾಕುವುದು.
* ಬಲ ಬಂದಂತೆ ಕಾಲಿಗೆ ಅರ್ಧ ಕೆಜಿ, 1 ಕೆಜಿ ತೂಕದ ಮರಳು ಚೀಲ ಕಟ್ಟಿಕೊಂಡು ಕಾಲು ಎತ್ತುವುದು.

ಸುಲಭವಾದದ್ದನ್ನೇ ವರ್ಷಗಟ್ಟಲೆ ಮಾಡಿದರೆ ಉಪಯೋಗವಿಲ್ಲ, ನಿಧಾನವಾಗಿ ಕಷ್ಟ ಹೆಚ್ಚಿಸುತ್ತಾ ಹೋಗಬೇಕು. ನಿಲ್ಲಿಸಿದರೆ ಬಂದ ಬಲವೂ ಹೋಗುತ್ತದೆ. ಒಬ್ಬರೇ ಇದ್ದರೆ ನಾಲ್ಕು ದಿನಕ್ಕೆ ಬೇಸರ ಬರುತ್ತದೆ. ಗುಂಪಿನಲ್ಲಾದರೆ ‘ನಿನ್ನೆ ಯಾಕೆ ಬರ್ಲಿಲ್ಲ?’ ಎಂದು ಕೇಳುವವರು ಇರುತ್ತಾರೆ.

ಯಾವುದು ಬೇಡ?

ಮೂಳೆ ಸವೆದವರು ಸೊಂಟದಿಂದ ಮುಂದಕ್ಕೆ ಪೂರ್ತಿ ಬಾಗುವ ಪಾದಹಸ್ತಾಸನ, ಪಶ್ಚಿಮೋತ್ತಾನಾಸನ, ಹಲಾಸನ ಮಾಡಬಾರದು. ಬೆನ್ನುಮೂಳೆ ಕುಸಿಯುವ ಅಪಾಯವಿದೆ. ಯೋಗ ತರಗತಿಗೆ ಹೋಗುವವರು ಈ ವಿಷಯವನ್ನು ಗುರುಗಳಿಗೆ ಮೊದಲೇ ಹೇಳಬೇಕು. ಜೋರಾಗಿ ಸೊಂಟ ತಿರುಗಿಸುವುದೂ ಬೇಡ. ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಹೊಸದಾಗಿ ಬೆನ್ನುನೋವು ಕಾಣಿಸಿಕೊಂಡರೂ ಹಾಗೇ ಬಿಡಬಾರದು.

ಊರಲ್ಲಿ ಶುರು ಮಾಡುವುದು ಹೇಗೆ?

ಸಮುದಾಯ ಭವನ, ಶಾಲೆಯ ವರಾಂಡ, ದೇವಸ್ಥಾನದ ಅಂಗಳ ಯಾವುದಾದರೂ ಆದೀತು. ನೆಲ ಒಣಗಿರಬೇಕು, ಬೆಳಕಿರಬೇಕು. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡುವುದು ಸುರಕ್ಷಿತ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಪಾದರಕ್ಷೆ ಇರಲಿ. ಮೊದಲ ಕೆಲವು ದಿನ ಫಿಸಿಯೋಥೆರಪಿಸ್ಟ್ ಒಬ್ಬರು ಪ್ರತಿಯೊಬ್ಬರನ್ನೂ ನೋಡಿ, ಯಾರಿಗೆ ಎಷ್ಟು ಎಂದು ಹೇಳಿಕೊಡಬೇಕು. ಇದಕ್ಕಾಗಿ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ವ್ಯಾಯಾಮದ ಜೊತೆಗೆ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಬಿಪಿ ಮತ್ತು ನಿದ್ದೆ ಮಾತ್ರೆಗಳಿಂದ ತಲೆಸುತ್ತು ಬರುತ್ತಿದೆಯಾ ಎಂದು ವೈದ್ಯರನ್ನು ಕೇಳಬೇಕು, ತಾವಾಗಿಯೇ ಮಾತ್ರೆ ಬಿಡಬಾರದು. ಬಚ್ಚಲಿಗೆ ಹಿಡಿಕೆ, ರಾತ್ರಿ ಏಳುವ ದಾರಿಗೆ ಒಂದು ದೀಪ ಹಾಕಿಸಿದರೆ ಇನ್ನೂ ಒಳ್ಳೆಯದು. ಹಿರಿಯ ನಾಗರಿಕರು ಮಾಹಿತಿಗಾಗಿ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.