ಯಾರಿಗೆ ಪೊಗದಿ? ಪಾಳೆಯಗಾರರ ನಿಷ್ಠೆಯೂ ನಮ್ಮ ಇತಿಹಾಸ ಬರವಣಿಗೆಯೂ

ತುಮಕೂರು ತಾಲ್ಲೂಕಿನ ಕೋರದಿಂದ ಹೆದ್ದಾರಿ ಹಿಡಿದು ಮುಂದೆ ಹೋದರೆ ಸಿರಾ. 1757ರಲ್ಲಿ ಅದನ್ನು ಮರಾಠರು ಗೆದ್ದರು, 1759ರ ಸಂಧಿಯಲ್ಲಿ ಹಿಂದಿರುಗಿಸಿದರು. 1761ರಲ್ಲಿ ಹೈದರಾಲಿ ಹಿಡಿದ. 1766ರಲ್ಲಿ ಹೈದರನ ಭಾವಮೈದುನ ಮೀರ್ ಸಾಹೇಬನೇ ಕೋಟೆಯನ್ನು ಮರಾಠರಿಗೆ ಒಪ್ಪಿಸಿ, ಬದಲಿಗೆ ಗುರ್ರಂಕೊಂಡವನ್ನು ಪಡೆದುಕೊಂಡ. 1774ರಲ್ಲಿ ಟಿಪ್ಪು ಮತ್ತೆ ವಶಪಡಿಸಿಕೊಂಡ. ಹದಿನೇಳು ವರ್ಷಗಳಲ್ಲಿ ಐದು ಸಲ ಒಡೆತನ ಬದಲಾಯಿತು. ದೊರೆಯ ಮನೆಯವನೇ ಹೀಗೆ ಪಕ್ಷ ಬಿಟ್ಟ ನಾಡಿನಲ್ಲಿ, ಕೆಲವೇ ಊರುಗಳ ಒಡೆಯನಾದ ಪಾಳೆಯಗಾರ ಯಾರಿಗೆ ಪೊಗದಿ, ಅಂದರೆ ಕಪ್ಪ, ಕಟ್ಟಬೇಕಿತ್ತು? ಇನ್ನೂರು ವರ್ಷಗಳಿಂದ ಇತಿಹಾಸಕಾರರು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ.

ಮೊದಲ ಉತ್ತರ ಕೈಫಿಯತ್ತುಗಳಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೊಂಡ. ಅವನ ಸಹಾಯಕರು ಊರೂರಿಗೆ ಹೋಗಿ ಶಾನುಭೋಗರಿಂದ, ಗೌಡರಿಂದ, ಹಳೆಯ ಮನೆತನದವರಿಂದ ವೃತ್ತಾಂತ ಬರೆಸಿಕೊಂಡರು. ಇವನ್ನು ಓದುವಾಗ ಬರೆದ ಹೊತ್ತನ್ನು ಮರೆಯಬಾರದು. ಪಾಳೆಯಪಟ್ಟುಗಳು ಆಗಲೇ ಕೈತಪ್ಪಿದ್ದವು. ಹೊಸ ಸರ್ಕಾರದ ಮುಂದೆ ಹಳೆಯ ಹಕ್ಕು ಸಾಧಿಸಬೇಕಿತ್ತು. ಹಾಗಾಗಿ ತಮ್ಮ ಹಿರಿಯರಿಗೆ ಯಾವ ಅರಸ ಯಾವ ಉಂಬಳಿ ಕೊಟ್ಟ ಎಂಬುದಕ್ಕೆ ಅಲ್ಲಿ ಬಹಳ ಜಾಗವಿದೆ. ಅದೇ ಅರಸನನ್ನು ಯಾವಾಗ, ಏಕೆ ಬಿಟ್ಟರು ಎಂಬುದಕ್ಕೆ ಕಡಿಮೆ.

1810ರಿಂದ 1817ರ ನಡುವೆ ಪ್ರಕಟವಾದ ಮಾರ್ಕ್ ವಿಲ್ಕ್ಸ್‌ನ ಮೈಸೂರು ಇತಿಹಾಸದಲ್ಲಿ ಪಾಳೆಯಗಾರ ಮತ್ತೊಂದು ಕಡೆಯಿಂದ ಕಾಣುತ್ತಾನೆ. ಆ ಕಥನದ ಕೇಂದ್ರ ಶ್ರೀರಂಗಪಟ್ಟಣ. ಅಲ್ಲಿಂದ ನೋಡಿದರೆ ಸುತ್ತಲ ನಾಯಕರೆಲ್ಲ ಪೊಗದಿ ಬಾಕಿದಾರರು, ಸಮಯ ಕಾಯುವವರು. ನಿಜಗಲ್ಲಿನ ಪ್ರಸಂಗ ಇದಕ್ಕೆ ಸಾಕ್ಷಿ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ, ದಾಬಸ್‌ಪೇಟೆಯ ಹತ್ತಿರ ಕಾಣುವ ಬೆಟ್ಟದ ಕೋಟೆಯದು. 1770ರಲ್ಲಿ ಪೇಶ್ವೆ ಮಾಧವರಾಯ ಅದನ್ನು ಮುತ್ತಿದ. ಹೈದರನ ಕಡೆಯ ಸರ್ದಾರ್ ಖಾನ್ ತಿಂಗಳುಗಟ್ಟಲೆ ಜಗ್ಗಲಿಲ್ಲ. ಕೊನೆಗೆ ಗೋಡೆ ಹತ್ತಿ ಕೋಟೆ ಗೆದ್ದವರು ಚಿತ್ರದುರ್ಗದ ನಾಯಕನ ಬೇಡ ಪಡೆಯವರು.

ಆ ನಾಯಕ 1754ರಲ್ಲಿ ಪಟ್ಟವೇರಿದ್ದ ಕೊನೆಯ ಮದಕರಿ. ಪಕ್ಷ ಬದಲಿಸಿದ ಒಡೆಯನೊಬ್ಬನನ್ನು ನಮ್ಮ ಬರವಣಿಗೆ ಹೇಗೆಲ್ಲ ಕಂಡಿದೆ ಎಂದು ಅಳೆಯಲು ಅವನಷ್ಟು ಒದಗುವ ಉದಾಹರಣೆ ಬೇರೆ ಇಲ್ಲ. 1762ರಲ್ಲಿ ಹೈದರನಿಗೆ ಮಣಿದು ದಂಡ ಕಟ್ಟಿದ. ಮರುವರ್ಷ ಹೈದರ್ ಬಿದನೂರಿನ ಮೇಲೆ ಹೋದಾಗ ಅವನ ಕಡೆ ಇದ್ದ. 1770ರಲ್ಲಿ ಮರಾಠರ ಜೊತೆ ನಿಂತ. ಮರಾಠರೂ ನಿಜಾಮನೂ ಒಟ್ಟಾಗಿ ಮೈಸೂರಿನ ಮೇಲೆ ಬಂದಾಗ ಹೈದರನಿಗೆ ಪಡೆ ಕಳಿಸದೆ ತಡೆದ. ಮುತ್ತಿಗೆಯಾಯಿತು, ಒಪ್ಪಂದವಾಯಿತು. ಹೈದರ್ ಮರಾಠರತ್ತ ತಿರುಗಿ ಕರೆ ಕಳಿಸಿದಾಗ ಮದಕರಿ ಮತ್ತೆ ಹಿಂದೇಟು ಹಾಕಿದ. 1779ರಲ್ಲಿ ದುರ್ಗ ಬಿತ್ತು, ನಾಯಕ ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ. ಸುಮಾರು 20,000 ಬೇಡರನ್ನು ಅಲ್ಲಿಗೆ ಸಾಗಿಸಲಾಯಿತು ಎಂದು ಬಿ.ಎಲ್. ರೈಸ್ ದಾಖಲಿಸಿದ್ದಾನೆ.

ಎಂ.ಎಸ್. ಪುಟ್ಟಣ್ಣನವರ ‘ಪಾಳೆಯಗಾರರು’ 1923ರಲ್ಲಿ ಬಂತು. ಅಮಲ್ದಾರರಾಗಿ ತಾಲ್ಲೂಕುಗಳನ್ನು ಬಲ್ಲ ಲೇಖಕರು ಕನ್ನಡದಲ್ಲೇ, ಕನ್ನಡ ಓದುಗರಿಗಾಗಿ ಬರೆದದ್ದು ದೊಡ್ಡ ತಿರುವು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ದಾಖಲೆಗಳನ್ನು ಜೀವಮಾನವಿಡೀ ಹುಡುಕಿದರು. ತರಾಸು ಅವರ ‘ದುರ್ಗಾಸ್ತಮಾನ’ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಮದಕರಿ ಮನೆಮಾತಾದ. ಈ ಪ್ರೀತಿಯಿಂದ ಲಾಭವೂ ಆಯಿತು, ನಷ್ಟವೂ ಆಯಿತು. ನಾಯಕನನ್ನು ವೀರನೆಂದು ಎತ್ತಿ ಹಿಡಿಯುವ ಭರದಲ್ಲಿ ಅವನ ರಾಜಕಾರಣ ಮರೆಗೆ ಸರಿಯಿತು. ಇಬ್ಬರು ಬಲಿಷ್ಠರ ನಡುವೆ ಕಾಲು ಶತಮಾನ ತೂಗಿಸಿಕೊಂಡು ರಾಜ್ಯ ಉಳಿಸಿದ್ದು ಅವನ ಶೌರ್ಯಕ್ಕಿಂತ ಕಡಿಮೆಯ ಸಾಧನೆಯಲ್ಲ ಎಂದೇ ನನ್ನ ತೀರ್ಮಾನ.

ಇನ್ನೂ ಹಿಂದಿನ ಕಾಲಕ್ಕೆ ದಾರಿ ತೆರೆದದ್ದು ಶಾಸನಗಳು. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೇ ಸಂಪುಟವಾಗಿ ಹೊರತಂದ. ಕಲ್ಲಿನ ಆರಂಭದಲ್ಲಿ ಯಾವ ಅರಸನ ಹೆಸರು ಬರುತ್ತದೆ ಎಂದು ಗುರುತಿಸಿ, ತೇದಿಗಳನ್ನು ಸಾಲಾಗಿ ಇಟ್ಟರೆ ಸಾಮಂತ ಯಾವಾಗ ಯಾರನ್ನು ಒಪ್ಪಿದ್ದ ಎಂಬುದು ಹೊರಬೀಳುತ್ತದೆ. ಕೈದಾಳದಲ್ಲಿ 1150ರ ಸುಮಾರಿಗೆ ದೇವಾಲಯ ಕಟ್ಟಿಸಿದ ಸಾಮಂತ ಗೂಳೆಯ ಬಾಚಿ ಹೊಯ್ಸಳ ಒಂದನೇ ನರಸಿಂಹನ ಅಧೀನ. ಆ ನರಸಿಂಹನೋ ಹೆಸರಿಗೆ ಕಲ್ಯಾಣ ಚಾಲುಕ್ಯರ ಅಧೀನ. ಪಾವಗಡ ಸೀಮೆಯ ನಿಡುಗಲ್ಲಿನ ಚೋಳರು ಚಾಲುಕ್ಯರ ಸಾಮಂತರಾಗಿದ್ದವರು, ಹೊಯ್ಸಳರಿಗೆ ಕೆಲವೊಮ್ಮೆ ಬಾಗಿದರು, ಕೆಲವೊಮ್ಮೆ ಸೆಡ್ಡು ಹೊಡೆದರು.

ಹೊಯ್ಸಳ ಸೋಮೇಶ್ವರನ ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋದಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ದೋರಸಮುದ್ರದಲ್ಲಿ ಮೂರನೇ ನರಸಿಂಹ, ಕಣ್ಣಾನೂರಿನಲ್ಲೂ ಆಮೇಲೆ ಕುಂದಾಣಿಯಲ್ಲೂ ರಾಮನಾಥ. ಮೂರನೇ ಬಲ್ಲಾಳ ಎರಡನ್ನೂ ಒಂದುಗೂಡಿಸುವ ತನಕ ನಡುವಿನ ನಾಡುಗಳ ಗೌಡರು, ಸಾಮಂತರು ಅಣ್ಣತಮ್ಮಂದಿರ ಜಗಳಕ್ಕೆ ಸಿಕ್ಕಿಕೊಂಡರು. 1957ರಲ್ಲಿ ಬಂದ ಡೆರೆಟ್‌ನ ‘ದಿ ಹೊಯ್ಸಳಾಸ್’ ಈ ಹೆಣಿಗೆಯನ್ನು ಶಾಸನಗಳಿಂದಲೇ ಬಿಡಿಸಲು ಯತ್ನಿಸಿತು. ನಿಷ್ಠೆ ಹೀಗೆ ಹೊಯ್ದಾಡಿದ ಹೊಯ್ಸಳರ ಕಾಲದಲ್ಲೇ ಒಡೆಯನೊಂದಿಗೆ ಪ್ರಾಣ ಬಿಡುವ ಗರುಡರೂ ಇದ್ದರು. ಹಳೇಬೀಡಿನಲ್ಲಿ ಎರಡನೇ ಬಲ್ಲಾಳನ ಗರುಡ ಕುವರ ಲಕ್ಷ್ಮನ ಸ್ಮಾರಕ ಇಂದಿಗೂ ನಿಂತಿದೆ.

1965ರಲ್ಲಿ ಆರ್.ಎಸ್. ಶರ್ಮಾ ಊಳಿಗಮಾನ್ಯದ ಚೌಕಟ್ಟು ಕೊಟ್ಟರು. 1980ರಲ್ಲಿ ಬರ್ಟನ್ ಸ್ಟೈನ್ ದಕ್ಷಿಣದ ರಾಜ್ಯವೆಂದರೆ ನಾಡುನಾಡಾಗಿ ಬಿಡಿಬಿಡಿಯಾಗಿ ಇದ್ದದ್ದೆಂದು ವಾದಿಸಿದರು. 1987ರಲ್ಲಿ ನಿಕೋಲಸ್ ಡರ್ಕ್ಸ್ ಪುದುಕೋಟೆಯ ಚಿಕ್ಕ ದೊರೆಗಳನ್ನೇ ಗ್ರಂಥದ ನಡುವಿಗೆ ತಂದರು. ಇದರಿಂದ ‘ದ್ರೋಹ’ ಎಂಬ ತೀರ್ಪಿನ ಮಾತು ಹಿಂದೆ ಸರಿಯಿತು, ಅಷ್ಟು ಉಪಕಾರವಾಯಿತು. ಆದರೆ ಪಕ್ಷ ಬದಲಿಸಿದವನ ಮಾತನ್ನೇ ಕೇಳುವ ವಿಷಯದಲ್ಲಿ ಸ್ಪೇನಿನವರಿಗೆ ಒಂದು ಅನುಕೂಲವಿದೆ. 1366ರ ಹೊತ್ತಿಗೆ ಕಾಸ್ಟೀಲಿನ ದೊರೆ ಪೆಡ್ರೊನನ್ನು ಬಿಟ್ಟು ಅವನ ಮಲಅಣ್ಣ ಎನ್ರಿಕೆಯ ಪಕ್ಷ ಸೇರಿದ ಪೆರೊ ಲೋಪೆಸ್ ದೆ ಅಯಾಲ ಎಂಬ ಶ್ರೀಮಂತ ಮುಂದೆ ಆ ದೊರೆಗಳ ಚರಿತ್ರೆಯನ್ನು ತಾನೇ ಬರೆದ. ಹಾಗಾಗಿ ಪಕ್ಷ ಬಿಟ್ಟವನ ಸಮರ್ಥನೆ ಅವನ ಬಾಯಿಂದಲೇ ಸಿಗುತ್ತದೆ. ಮದಕರಿ ಅಂಥದ್ದೇನೂ ಬರೆದಿಡಲಿಲ್ಲ.

ಆ ಕೊರತೆಯನ್ನು ಸ್ವಲ್ಪ ತುಂಬಿದ್ದು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದ ‘ಕರ್ನಾಟಕದ ಕೈಫಿಯತ್ತುಗಳು’. ಮೂಲ ಪಠ್ಯ ಸಾಮಾನ್ಯ ಓದುಗನ ಕೈಗೂ ಬಂತು. ಆದರೂ ಸಂಶೋಧನೆಯ ಕಣ್ಣು ಚಿತ್ರದುರ್ಗ, ಕೆಳದಿಗಳಂಥ ದೊಡ್ಡ ಮನೆತನಗಳ ಮೇಲೆಯೇ ಇದೆ. ಗುಬ್ಬಿ ತಾಲ್ಲೂಕಿನ ಹಾಗಲವಾಡಿ ನಾಯಕರು, ಗುಬ್ಬಿಯ ಹೊಸಹಳ್ಳಿ ಒಡೆಯರು, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳನ್ನು 1728ರವರೆಗೆ ಆಳಿದ ಮಾಗಡಿ ಕೆಂಪೇಗೌಡನ ವಂಶದವರು ಬಿಜಾಪುರ, ಮೊಗಲ್, ಮೈಸೂರುಗಳ ನಡುವೆ ಹೇಗೆ ಬಾಳಿದರು ಎಂಬುದಕ್ಕೆ ಅಷ್ಟೇ ಗಮನ ಸಲ್ಲಬೇಕು. ಒಡೆಯ ಪಕ್ಷ ಬದಲಿಸಿದಾಗ ಕಂದಾಯ ಎರಡೆರಡು ಸಲ ತೆತ್ತ ರೈತನ ಪಾಡು ಈ ಯಾವ ಗ್ರಂಥದಲ್ಲೂ ಮುಖ್ಯ ವಿಷಯವಾಗಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಹಳ್ಳಿಗಳಲ್ಲೇ ಇರಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಡತ, ಸನ್ನದು, ತಾಳೆಗರಿ ಇದ್ದರೆ ಹಾಳಾಗಲು ಬಿಡಬೇಡಿ. ತುಮಕೂರು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರ ಇಲಾಖೆಗೋ ತೋರಿಸಿ. ಊರ ಮುಂದಿನ ವೀರಗಲ್ಲಿಗೆ ದಯವಿಟ್ಟು ಬಣ್ಣ ಬಳಿಯಬೇಡಿ, ಸಿಮೆಂಟು ಮೆತ್ತಬೇಡಿ.