ಕರಪತ್ರದ ಮೇಲಿನ ‘ಅರ್ಥಾತ್’

ಜೇವರ್ಗಿ ದಾಟಿ ಸಿಂದಗಿ, ವಿಜಯಪುರದ ಕಡೆ ಹೊರಟರೆ ಹೆದ್ದಾರಿಯ ಮೇಲೆ ನೆಲೋಗಿ ಕ್ರಾಸ್ ಸಿಗುತ್ತದೆ. ಜೇವರ್ಗಿ ತಾಲ್ಲೂಕಿನ ಹೋಬಳಿ ಊರು ಇದು. ಸುತ್ತ ಭೀಮಾ ಸೀಮೆಯ ಎರೆಹೊಲ, ತೊಗರಿ, ಬಿಳಿಜೋಳ. 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಹುಟ್ಟಿದ್ದು ಇಲ್ಲಿ, 1936ರಲ್ಲಿ. ಆಗ ಇದು ನಿಜಾಮರ ಸಂಸ್ಥಾನ. ಕಚೇರಿಯ ಕಾಗದವೆಲ್ಲ ಉರ್ದು, ಊರ ಮಾತು ಕನ್ನಡ.

ಈ ಸೀಮೆಯ ಊರುಗಳ ಚರಿತ್ರೆ ಬರೆಯುವವರು ನಾಟಕವನ್ನು ಬಿಟ್ಟರೆ ಅರ್ಧ ಊರನ್ನೇ ಬಿಟ್ಟಂತೆ. ಜಾತ್ರೆ ಹತ್ತಿರ ಬಂತೆಂದರೆ ಹುಡುಗರು ತಾಲೀಮಿಗೆ ಕೂಡುತ್ತಾರೆ. ಪೇಟಿ ಮಾಸ್ತರರನ್ನು ಕರೆಸುತ್ತಾರೆ, ಪರದೆ ಬಾಡಿಗೆಗೆ ತರುತ್ತಾರೆ, ಸ್ತ್ರೀಪಾತ್ರಕ್ಕೆ ಬೇರೆ ಊರಿನ ಕಲಾವಿದೆಯರಿಗೆ ವೀಳ್ಯ ಕೊಡುತ್ತಾರೆ. ತೆಳು ಬಣ್ಣದ ಕಾಗದದಲ್ಲಿ ಕರಪತ್ರ ಅಚ್ಚಾಗುತ್ತದೆ. ನಾಟಕದ ಹೆಸರು ದಪ್ಪಕ್ಷರದಲ್ಲಿ. ಅದರ ಕೆಳಗೆ ‘ಅರ್ಥಾತ್’ ಎಂದು ಬರೆದು ಇನ್ನೊಂದು ಹೆಸರು.

ಆ ‘ಅರ್ಥಾತ್’ ನನ್ನನ್ನು ಬಹಳ ದೂರ ಕರೆದೊಯ್ದಿದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ನಾಟಕಗಳಿಗೂ ಹೀಗೆಯೇ ಜೋಡಿ ಹೆಸರು ಇರುತ್ತಿತ್ತು. 1859ರಲ್ಲಿ ಡಯನ್ ಬೂಸಿಕಾಲ್ಟ್ ಬರೆದದ್ದು ‘ದಿ ಆಕ್ಟರೂನ್ ಅರ್ಥಾತ್ ಲೂಸಿಯಾನಾದ ಬದುಕು’. ಈ ಬಗೆಯ ನಾಟಕಕ್ಕೆ ಮೆಲೋಡ್ರಾಮಾ ಎಂದು ಹೆಸರು. ಗ್ರೀಕಿನಲ್ಲಿ ‘ಮೆಲೋಸ್’ ಎಂದರೆ ಹಾಡು. ದುಃಖದ ಮಾತಿನ ಕೆಳಗೆ ವಾದ್ಯ ಮೆಲ್ಲಗೆ ನುಡಿಯುತ್ತಿರಬೇಕು. ನಮ್ಮಲ್ಲಿ ತಾಯಿ ಪಾತ್ರ ಕಣ್ಣೀರಿಗೆ ಬಂದೊಡನೆ ಪೇಟಿ ಮಾಸ್ತರರು ಒಂದೇ ಸ್ವರ ಹಿಡಿದು ನಿಲ್ಲಿಸುವುದೂ ಅದಕ್ಕೇ.

ಲಂಡನ್ನಿನ ಪ್ರಿನ್ಸೆಸ್ ಥಿಯೇಟರಿನಲ್ಲಿ 1882ರ ನವೆಂಬರ್‌ನಲ್ಲಿ ಇಂಥದೇ ಮೆಲೋಡ್ರಾಮಾ ‘ದಿ ಸಿಲ್ವರ್ ಕಿಂಗ್’ ಮೊದಲ ಪ್ರಯೋಗ ಕಂಡಿತು. ಕುಡಿತ, ಜೂಜಿನಲ್ಲಿ ಮನೆ ಹಾಳುಮಾಡಿದ ಡೆನ್ವರ್ ತಾನು ಕೊಲೆ ಮಾಡಿದೆನೆಂದು ನಂಬಿ ಓಡಿಹೋಗುತ್ತಾನೆ. ಅವನಿದ್ದ ರೈಲು ಸುಟ್ಟುಹೋಗಿ, ಲೋಕ ಅವನು ಸತ್ತನೆಂದು ತಿಳಿಯುತ್ತದೆ. ಅಮೆರಿಕದಲ್ಲಿ ಬೆಳ್ಳಿ ಗಣಿ ಸಿಕ್ಕಿ ಸಾಹುಕಾರನಾಗಿ ಮರಳಿದರೆ ಹೆಂಡತಿ ಮಕ್ಕಳು ಕೂಳಿಲ್ಲದೆ ಕುಳಿತಿದ್ದಾರೆ; ಹಳೆಯ ಆಳುಮಗನೊಬ್ಬನೇ ಅವರ ಕೈಬಿಟ್ಟಿಲ್ಲ.

ಇಂಗ್ಲಿಷ್ ತಿರುಗಾಟದ ತಂಡಗಳನ್ನು ನೋಡಿ ಕಲಿತ ಮುಂಬೈ ಪಾರ್ಸಿಗಳು 1853ರಿಂದ ತಮ್ಮದೇ ನಾಟಕ ಕಟ್ಟಿದರು. 1868ರಲ್ಲಿ ಹುಟ್ಟಿದ ಕಂಪನಿಗಂತೂ ವಿಕ್ಟೋರಿಯಾ ಎಂದೇ ಹೆಸರು. ಆ ರಂಗಕ್ಕೆ ಬರೆದ ಆಗಾ ಹಶ್ರ್ ಕಾಶ್ಮೀರಿ ಈ ‘ಸಿಲ್ವರ್ ಕಿಂಗ್’ಅನ್ನು ಉರ್ದುವಿಗೆ ಇಳಿಸಿದರು. ಪಾರ್ಸಿಗಳ ಬಣ್ಣದ ಪರದೆ, ಸೈಡ್‌ವಿಂಗು ಕನ್ನಡ ಕಂಪನಿಗಳಿಗೂ ಬಂದವು. 1870ರ ದಶಕದಲ್ಲಿ ಶಾಂತಕವಿಗಳು ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿದ್ದರು. ಮುಂದೆ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಹಳ್ಳಿಹಳ್ಳಿಯ ಬಾಯಿಪಾಠವಾಯಿತು. ನೆಲೋಗಿಯ ತಾಲ್ಲೂಕಿನ ಹೆಸರನ್ನೇ ಹೊತ್ತ ಜೇವರ್ಗಿ ರಾಜಣ್ಣನವರ ‘ಕುಂಟ ಕೋಣ ಮೂಕ ಜಾಣ’ ನಾಡಿನ ಉದ್ದಗಲ ನಗಿಸಿತು.

ಲಂಡನ್ನಿನ ಜಾಡು ನೇರ ನೆಲೋಗಿಗೆ ಬಂತೆಂದು ನಾನು ಹೇಳುವುದಿಲ್ಲ. ಆದರೆ ಕುಡುಕ ಗಂಡ, ತಾಳ್ಮೆಯ ಹೆಂಡತಿ, ನಿಯತ್ತಿನ ಆಳು, ಕೊನೆಯ ಅಂಕದಲ್ಲಿ ಮನೆಗೆ ಮರಳುವವನು, ಇವರೆಲ್ಲ ಈ ಎರೆನೆಲದಲ್ಲಿ ಬೇರೂರಿದ್ದಕ್ಕೆ ಕಾರಣ ನೆಲದಲ್ಲೇ ಇದೆ. ಮಳೆ ಕೈಕೊಟ್ಟ ವರ್ಷ ಇಲ್ಲಿನವರು ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಜಾತ್ರೆಗೆಂದು ತಿರುಗಿ ಬರುತ್ತಾರೆ. ರಾತ್ರಿ ಹತ್ತಕ್ಕೆ ಪರದೆ ಸರಿದಾಗ ಚಾಪೆಯ ಮೇಲೆ ಕುಳಿತು ನೋಡುವವರು ಅವರೇ. ರಂಗದ ಮೇಲಿನ ಗಂಡ ಗಂಟು ಇಳಿಸಿ ತನ್ನ ಬಾಗಿಲ ಮುಂದೆ ನಿಲ್ಲುತ್ತಾನೆ. ಪೇಟಿಯ ಸ್ವರ ಏರುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ, ಮಗ್ಗುಲಲ್ಲಿ ನಿನ್ನೆಯಷ್ಟೇ ಬಸ್ಸಿಳಿದ ಗಂಡ ಕುಳಿತಿದ್ದರೂ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.